ರಾಜಕೀಯ ನಿಲುವಿನ ಬುಡದಲ್ಲಿರುವ ಮೌಲ್ಯವನ್ನು ಗುರುತಿಸುವ ಬಗೆ

ಮಲೆನಾಡಿನಲ್ಲಿ ಬಗರ್‌ಹುಕುಂ (ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ), ಅರಣ್ಯ ಒತ್ತುವರಿ ಅಥವಾ ಅಣೆಕಟ್ಟಿನ ಮುಳುಗಡೆಯ ಮಾತು ಬಂದಾಗ ಚರ್ಚೆ ಬಹುಬೇಗ ಪಕ್ಷಗಳ ಹೆಸರಿಗೆ ಬಂದು ನಿಲ್ಲುತ್ತದೆ. ಎದುರಿನವರ ನಿಲುವು ನಿಜವಾಗಿ ಅರ್ಥವಾಗಬೇಕಾದರೆ ಪಕ್ಷವನ್ನು ಬದಿಗಿಟ್ಟು, ಆ ನಿಲುವು ಯಾವ ಮೌಲ್ಯದ ಮೇಲೆ ನಿಂತಿದೆ ಎಂದು ಕೇಳಿಕೊಳ್ಳಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಮತ್ತು ಸಂಗಡಿಗರು ಕಾಳಜಿ, ನ್ಯಾಯ, ನಿಷ್ಠೆ, ಅಧಿಕಾರಕ್ಕೆ ಗೌರವ, ಪಾವಿತ್ರ್ಯ ಎಂಬ ಐದು ನೈತಿಕ ನೆಲೆಗಳನ್ನು ಗುರುತಿಸಿ, ಮುಂದೆ ಸ್ವಾತಂತ್ರ್ಯವನ್ನೂ ಸೇರಿಸಿದರು. ಅಲ್ಲಿನ ಉದಾರವಾದಿಗಳು ಮೊದಲೆರಡಕ್ಕೆ ಹೆಚ್ಚು ತೂಕ ಕೊಟ್ಟರೆ, ಸಂಪ್ರದಾಯವಾದಿಗಳು ಐದಕ್ಕೂ ಹೆಚ್ಚುಕಡಿಮೆ ಸಮನಾದ ತೂಕ ಕೊಡುತ್ತಾರೆ ಎಂಬುದು ಅವರ ನಿರ್ಣಯ. ಆ ವಿಂಗಡಣೆಯನ್ನು ನಮ್ಮ ಪಕ್ಷಗಳ ಮೇಲೆ ಹಾಗೆಯೇ ಹೊರಿಸಬಾರದು; ನೆಲೆಗಳ ಪಟ್ಟಿ ಮಾತ್ರ ಇಲ್ಲಿಯೂ ಉಪಯುಕ್ತ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನೇ ನೋಡಿ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ತಕರಾರಿನ ವಿಷಯವಾಗಿತ್ತು. ರೈತ ವರ್ಷವಿಡೀ ದುಡಿದು ಕಣಕ್ಕೆ ತಂದ ಭತ್ತವನ್ನು ಸರಿಯಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಭೂಮಾಲೀಕ ತುಂಬಿಸಿಕೊಂಡಾಗ, ಕಳೆದುಕೊಂಡ ಭತ್ತಕ್ಕಿಂತಲೂ ಕಣ್ಣೆದುರೇ ನಡೆದ ಅನ್ಯಾಯ ಅವನನ್ನು ಹೆಚ್ಚು ಕೆಣಕುತ್ತದೆ. ಅದೇ ಕೊಳಗವನ್ನು ತಲೆತಲಾಂತರದ ಪದ್ಧತಿ ಎಂದು ಕಾಣುವವನಿಗೆ ಪ್ರತಿಭಟನೆಯೇ ಮರ್ಯಾದೆ ಮೀರಿದ ನಡತೆಯಾಗಿ ತೋರುತ್ತದೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಆ ಹೋರಾಟದಿಂದ ಮಲೆನಾಡಿನಲ್ಲಿ ಸಮಾಜವಾದಿ ರಾಜಕಾರಣ ಬೇರೂರಿದ್ದಕ್ಕೆ, ಸಿದ್ಧಾಂತದಷ್ಟೇ ಈ ನ್ಯಾಯಪ್ರಜ್ಞೆಯೂ ಕಾರಣವೆಂದು ನಾನು ನಂಬುತ್ತೇನೆ.

ಹಾಗಾಗಿ ಮಾತಿಗೆ ಕೂತಾಗ "ನೀವು ಯಾರ ಕಡೆ" ಎನ್ನುವ ಬದಲು "ಇದರಲ್ಲಿ ನಿಮಗೆ ಸಹಿಸಲಾಗದ್ದು ಯಾವುದು" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯಿರಿ. ಶರಾವತಿಯ ವಿದ್ಯುತ್ ಯೋಜನೆಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ತೋಟ ಬಿಟ್ಟು ಬಂದ ಕುಟುಂಬದವರು ಅರಣ್ಯ ಕಾನೂನನ್ನು ವಿರೋಧಿಸಿದರೆ, ಅದು ಕಾಡಿನ ಮೇಲಿನ ದ್ವೇಷವೆಂದು ತಿಳಿಯಬೇಡಿ; ನಾಡಿಗೆ ಬೆಳಕು ಕೊಟ್ಟವರಿಗೆ ಹಕ್ಕುಪತ್ರವಿಲ್ಲವೆಂಬ ನೋವು ಅದರಲ್ಲಿದೆ. ಬಳಿಕ, ಇದೇ ಕೆಲಸವನ್ನು ಅವರು ಒಪ್ಪುವ ಪಕ್ಷ ಮಾಡಿದರೆ ಏನನ್ನುತ್ತಾರೆಂದು ಕೇಳಿ. ಉತ್ತರ ಬದಲಾದರೆ ಅಲ್ಲಿ ಮಾತಾಡುತ್ತಿರುವುದು ಪಕ್ಷನಿಷ್ಠೆ. ಇದೇ ಪ್ರಶ್ನೆಯನ್ನು ನಿಮಗೂ ಹಾಕಿಕೊಳ್ಳಿ, ಅದು ಹೆಚ್ಚು ಕಷ್ಟ.

ಒಪ್ಪಿಸಬೇಕಾದಾಗ ಅವರ ಮೌಲ್ಯದ ನೆಲೆಯಿಂದಲೇ ಮಾತಾಡಿ. ಪರಿಸರ ರಕ್ಷಣೆಯನ್ನು ಪರಿಶುದ್ಧತೆಯ ವಿಷಯವಾಗಿ ಮಂಡಿಸಿದಾಗ ಸಂಪ್ರದಾಯವಾದಿಗಳೂ ಹೆಚ್ಚು ಒಲವು ತೋರಿದರೆಂದು ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ರಾಬ್ ವಿಲ್ಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಜೀವವೈವಿಧ್ಯದ ಮಾತಿಗೆ ಕಿವಿಗೊಡದವರೂ ದೇವರಕಾಡಿಗೆ ಕೊಡಲಿ ಹಾಕಲು ಹಿಂಜರಿಯುವುದನ್ನು ನಾವು ಕಂಡಿದ್ದೇವೆ. ಆದರೆ ನಿಮಗಿಲ್ಲದ ಭಕ್ತಿಯನ್ನು ನಟಿಸಬೇಡಿ. ಅದು ಗೊತ್ತಾದರೆ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ.

ಕೆಲವೊಮ್ಮೆ ಇಬ್ಬರ ಮೌಲ್ಯವೂ ಒಂದೇ ಆಗಿದ್ದು, ಗುದ್ದಾಟವಿರುವುದು ಜಾಗದ ಗಡಿಯ ಬಗ್ಗೆ ಮಾತ್ರ. ಆಗ ಮೌಲ್ಯದ ಚರ್ಚೆ ಬಿಟ್ಟು ಪಹಣಿ ಮತ್ತು ಸರ್ವೆ ನಕ್ಷೆಯನ್ನು ಒಟ್ಟಿಗೆ ಕೂತು ನೋಡುವುದೇ ಸರಿ.