ಶ್ರೀಲಂಕಾಕ್ಕೆ ಹೊರಟವರಿಗೆ, ದುಡ್ಡು ಉಳಿಸುವ ಒಂದೆರಡು ವಿಷಯ

ಬದಿಯಡ್ಕದಿಂದ ನಾಲ್ಕು ಜನ ಹೋಗ್ತಿದ್ದೇವೆ, ಖರ್ಚು ಕಡಿಮೆ ಮಾಡೋದು ಹೇಗೆ ಅಂತ ನಿನ್ನೆ ಒಬ್ಬರು ಕೇಳಿದ್ದರಲ್ಲ, ಅವರಿಗಾಗಿ ಇದು.

ಮೊದಲು ಮಳೆ ನೋಡಿ. ನಮ್ಮಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹೊಯ್ಯುವಾಗ ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸಾ ಕಡೆಯೂ ಮಳೆಗಾಲವೇ. ಅಗ್ಗದ ರೂಮು ಸಿಕ್ಕಿತು ಅಂತ ಅಲ್ಲಿಗೆ ಹೋಗಿ ಸುಮ್ನೆ ಕೂರಬೇಡಿ, ಪೂರ್ವದ ಟ್ರಿಂಕೋಮಲಿಗೆ ಹೋಗಿ, ಆಗ ಅಲ್ಲಿ ಸಮುದ್ರ ಶಾಂತ.

ಸಣ್ಣ ಹೋಟೆಲಿನಲ್ಲಿ ಕೂತ ಕೂಡಲೇ, ನೀವು ಕೇಳದಿದ್ದರೂ, ಒಂದು ತಟ್ಟೆ ತುಂಬ ರೋಲು, ವಡೆ, ಪ್ಯಾಟೀಸು ತಂದಿಡುತ್ತಾರೆ. 'ಶಾರ್ಟ್ ಈಟ್ಸ್' ಅಂತ ಹೆಸರು. ಎಲ್ಲದಕ್ಕೂ ದುಡ್ಡು ಕೊಡಬೇಕೇನೋ ಅಂತ ನಾನು ಮೊದಲ ದಿನ ಕಷ್ಟಪಟ್ಟು ಅಷ್ಟನ್ನೂ ತಿಂದು ಮುಗಿಸಿದೆ! ಹಾಗಲ್ಲ. ಉಳಿದದ್ದನ್ನು ಎಣಿಸಿ, ತಿಂದದ್ದಕ್ಕೆ ಮಾತ್ರ ಬಿಲ್ ಮಾಡುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ಕೈ ಹಾಕಿ, ರೋಲಿನೊಳಗೆ ಮೀನು ಇರೋದೇ ಜಾಸ್ತಿ.

ಓಡಾಟಕ್ಕೆ ಕೆಂಪು ಸರಕಾರಿ ಬಸ್ಸು ಸಾಕು. ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ, ಅವರು ಬಂದರೆ ಎದ್ದು ಕೊಡಿ. ಹುಣ್ಣಿಮೆಗೆ ಅಲ್ಲಿ ಪ್ರತಿ ತಿಂಗಳೂ ರಜೆ, ಪೋಯ ಅನ್ನುತ್ತಾರೆ, ಆವತ್ತು ಬಸ್ಸು ರೈಲು ಎಲ್ಲ ರಶ್.

ಹಳೇ ಕೋಟೆ ಇರುವ ಸಿಗಿರಿಯಾ ಬಂಡೆಯ ಟಿಕೆಟ್ ದುಬಾರಿ. ಪಕ್ಕದ ಪಿದುರಂಗಲ ಬಂಡೆ ಹತ್ತಿದರೆ ತುಂಬ ಕಡಿಮೆ ದುಡ್ಡಿಗೆ ಇಡೀ ಸಿಗಿರಿಯಾ ಎದುರಿಗೇ ಕಾಣುತ್ತದೆ, ನನಗಂತೂ ಅದೇ ಹೆಚ್ಚು ಇಷ್ಟವಾಯಿತು. ತುದಿಯಲ್ಲಿ ಬಂಡೆಗಳ ಸಂದಿಯಲ್ಲಿ ನುಸುಳಬೇಕು, ಮಂಡಿನೋವಿನ ಅಮ್ಮಂದಿರನ್ನು ಕೆಳಗೇ ಕೂರಿಸಿ ಒಂದು ತಂಬಿಲಿ ಕೊಡಿಸಿ. ಅಂದರೆ ನಮ್ಮ ಕೆಂದಾಳಿ ಬೊಂಡದ (ಕೆಂಪು ಎಳನೀರಿನ) ಹಾಗಿನದೇ.