ಹಿಂದೆ ಸರಿಯದೆ ಡಿಜಿಟಲ್ ಪೌರರಾಗುವುದು: ವಿದ್ಯಾರ್ಥಿನಿಯರಿಗೊಂದು ಕೈಪಿಡಿ

ಸಾಮಾಜಿಕ ಜಾಲತಾಣದ ವಿಷಯ ಬಂದಾಗ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ಫೋಟೊ ಹಾಕಬೇಡಿ, ವಾದಕ್ಕಿಳಿಯಬೇಡಿ, ತೊಂದರೆಯಾದರೆ ಖಾತೆಯನ್ನೇ ಮುಚ್ಚಿಬಿಡಿ. ಇದರಲ್ಲಿ ಕಾಳಜಿಯಿದೆ, ನಿಜ. ಆದರೆ ಚರ್ಚೆಯಿಂದಲೇ ಹೊರಗುಳಿದವರು ಪೌರರಾಗುವುದು ಹೇಗೆ? ಡಿಜಿಟಲ್ ಪೌರತ್ವವನ್ನು, ಅಂದರೆ ಅಂತರ್ಜಾಲದಲ್ಲಿ ಹೊಣೆಯರಿತು ಪಾಲ್ಗೊಳ್ಳುವುದನ್ನು, ಒಂಬತ್ತು ಅಂಶಗಳಾಗಿ ವಿವರಿಸಿದ ಶಿಕ್ಷಣತಜ್ಞ ಮೈಕ್ ರಿಬಲ್ ಅವರು ಸುರಕ್ಷತೆಯ ಜೊತೆಗೆ ಹಕ್ಕು, ಹೊಣೆಗಾರಿಕೆ, ಸಂವಹನ, ಕಾನೂನುಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಇವೆಲ್ಲವನ್ನೂ ದಿನನಿತ್ಯ ಅಭ್ಯಾಸ ಮಾಡಲು ಜಾಲತಾಣವೇ ತಕ್ಕ ಜಾಗ.

ಮೊದಲು ಒಂದು ಗಂಟೆ ಬಿಡುವು ಮಾಡಿಕೊಂಡು ಖಾತೆಯನ್ನು ಭದ್ರಪಡಿಸಿಕೊಳ್ಳಿ. ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆಯನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ, ನಿಮ್ಮನ್ನು ಯಾರು ಟ್ಯಾಗ್ ಮಾಡಬಹುದು, ಫೋನ್ ಸಂಖ್ಯೆಯಿಂದ ಯಾರು ಹುಡುಕಬಹುದು ಎಂಬುದನ್ನು ನೀವೇ ನಿರ್ಧರಿಸಿ.

ಹಂಚಿಕೊಳ್ಳುವ ಮುನ್ನ ಪರಿಶೀಲಿಸುವುದು ಎರಡನೆಯ ಅಭ್ಯಾಸ. ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಸುಳ್ಳು ಸುದ್ದಿ ನಿಜಕ್ಕಿಂತ ವೇಗವಾಗಿ ಹರಡುತ್ತದೆಂದೂ, ಅದಕ್ಕೆ ಯಂತ್ರಚಾಲಿತ ಖಾತೆಗಳಿಗಿಂತ ಮನುಷ್ಯರೇ ಹೆಚ್ಚು ಕಾರಣರೆಂದೂ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಪೋಸ್ಟನ್ನೇ ಮತ್ತೆ ಮತ್ತೆ ಓದುತ್ತ ಕೂರದೆ, ಅದೇ ವಿಷಯದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿ. ಚಿತ್ರವಾದರೆ ಅದು ಮೊದಲು ಎಲ್ಲಿ ಕಾಣಿಸಿಕೊಂಡಿತೆಂದು, ಚಿತ್ರವನ್ನೇ ಹಾಕಿ ಹುಡುಕುವ ಚಿತ್ರಶೋಧದಲ್ಲಿ ನೋಡಿ.

ಅತ್ಯಂತ ಕಷ್ಟದ ಸಂಗತಿ ಕಿರುಕುಳ. ನಿಂದನೆಯ ಸಂದೇಶ ಬಂದೊಡನೆ ಅಳಿಸಿಹಾಕಬೇಕೆನ್ನಿಸುವುದು ಸಹಜ, ಆದರೆ ಅಳಿಸಿದರೆ ಸಾಕ್ಷ್ಯವೂ ಹೋಗುತ್ತದೆ. ದಿನಾಂಕ, ಖಾತೆಯ ಹೆಸರು, ಕೊಂಡಿ ಎಲ್ಲವೂ ಉಳಿಯುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ದೂರು ಸಲ್ಲಿಸಿ ಬ್ಲಾಕ್ ಮಾಡಿ. ಖಾಸಗಿ ಚಿತ್ರಗಳನ್ನು ಹರಡುವೆನೆಂದು ಯಾರಾದರೂ ಬೆದರಿಸಿದರೆ ಹಣ ಕೊಡಬೇಡಿ. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯಲು 2021ರಲ್ಲಿ ಆರಂಭವಾದ ‘ಸ್ಟಾಪ್ ಎನ್‌ಸಿಐಐ’ (StopNCII) ಸೇವೆ ಇಂಥ ಸಂದರ್ಭಕ್ಕೆಂದೇ ಇದೆ: 18 ವರ್ಷ ತುಂಬಿದವರು ಇದನ್ನು ಬಳಸಬಹುದು, ಅದು ನಿಮ್ಮ ಸಾಧನದಲ್ಲೇ ಚಿತ್ರದ ಡಿಜಿಟಲ್ ಗುರುತನ್ನು (ಬೆರಳಚ್ಚಿನಂಥ ಒಂದು ಸಂಕೇತ) ತಯಾರಿಸಿ, ಅದೇ ಚಿತ್ರ ತಮ್ಮಲ್ಲಿ ಕಂಡರೆ ಪತ್ತೆಹಚ್ಚಿ ತಡೆಯಲೆಂದು ಆ ಗುರುತನ್ನು ಮಾತ್ರ ಸಹಭಾಗಿ ಜಾಲತಾಣ ಕಂಪನಿಗಳಿಗೆ ಕೊಡುತ್ತದೆ, ಚಿತ್ರ ನಿಮ್ಮ ಕೈಬಿಟ್ಟು ಹೋಗುವುದಿಲ್ಲ. ತಪ್ಪು ಬೆದರಿಸಿದವರದು, ನಿಮ್ಮದಲ್ಲ. ಈ ಮಾತನ್ನು ನೊಂದ ಗೆಳತಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಆಕೆಯ ಪರವಾಗಿ ನಿಲ್ಲುವಾಗಲೂ ಎಚ್ಚರ ಬೇಕು. ಖಂಡಿಸುವ ಭರದಲ್ಲಿ ಅವಹೇಳನದ ಪೋಸ್ಟನ್ನು ನಾವೇ ಹಂಚಿದರೆ ಅದು ಇನ್ನಷ್ಟು ಜನರನ್ನು ತಲುಪುತ್ತದೆ. ಹಂಚದೆ ನೇರವಾಗಿ ವರದಿ ಮಾಡಿ, ಆಕೆಗೆ ಏನು ಬೇಕೆಂದು ಖಾಸಗಿಯಾಗಿ ಕೇಳಿ.

ಇಷ್ಟಾದ ಮೇಲೆ ದನಿ ಎತ್ತಿ. ಗ್ರಂಥಾಲಯದ ಸಮಯ, ವಿದ್ಯಾರ್ಥಿನಿಲಯದ ದಾರಿಯ ಬೆಳಕು ಮುಂತಾದ ಹತ್ತಿರದ ಪ್ರಶ್ನೆಯೊಂದನ್ನು ನಾಲ್ಕೈದು ಮಂದಿ ಸೇರಿ ಆರಿಸಿಕೊಳ್ಳಿ. ಸಂಬಂಧಪಟ್ಟ ನಿಯಮ ಹಾಗೂ ದಾಖಲೆಗಳನ್ನು ಓದಿ, ವ್ಯಕ್ತಿಯನ್ನು ಹಳಿಯದೆ ವಿಷಯವನ್ನು ಬರೆಯಿರಿ. ಇನ್ನೊಬ್ಬರ ಫೋಟೊ ಬಳಸುವುದಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಬರೆದುದರಲ್ಲಿ ತಪ್ಪು ಕಂಡರೆ ಸದ್ದಿಲ್ಲದೆ ಅಳಿಸದೆ, ತಿದ್ದುಪಡಿಯನ್ನು ಅದೇ ಪೋಸ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಸೇರಿಸಿ.