24 ತೊಟ್ಟಿಗಳು ಮತ್ತು ಒಂದು ಹನಿ ನೀರು: ಪರಿಸರವನ್ನೂ ಪ್ರಸರಣವನ್ನೂ ಬಿಡಿಸಿ ನೋಡಿದ ನನ್ನ ಅನುಭವ

ಒಂದು ಹೊಂಡದಲ್ಲಿ ಡಾಫ್ನಿಯಾ ಎಂಬ ನೀರು ಚಿಗಟ ಕಿಕ್ಕಿರಿದಿದ್ದು ಪಕ್ಕದ ಹೊಂಡದಲ್ಲಿ ಒಂದೂ ಇಲ್ಲದಿದ್ದರೆ, ಅಲ್ಲಿನ ನೀರು ಅದಕ್ಕೆ ಒಗ್ಗಲಿಲ್ಲವೋ ಅಥವಾ ಅದು ಅಲ್ಲಿಗೆ ತಲುಪಲೇ ಇಲ್ಲವೋ ಎಂಬುದನ್ನು ಬರಿಯ ಸಮೀಕ್ಷೆ ಹೇಳುವುದಿಲ್ಲ. ಹೊಂಡಗಳ ನಡುವಿನ ವ್ಯತ್ಯಾಸದಲ್ಲಿ ಪರಿಸರದ ಪಾಲೆಷ್ಟು, ಜಾಗದ ಪಾಲೆಷ್ಟು ಎಂದು ಹಂಚುವ, 1992ರಿಂದ ಬಳಕೆಯಲ್ಲಿರುವ ವ್ಯತ್ಯಾಸ ವಿಭಜನೆಯ ಲೆಕ್ಕವನ್ನು ನಾನೂ ಮೂರು ಬಾರಿ ಹಾಕಿದ್ದೆ. ಪ್ರತಿ ಸಲವೂ ಅರ್ಧಕ್ಕಿಂತ ಹೆಚ್ಚು ಪಾಲು ಯಾವ ಖಾತೆಗೂ ಸೇರದೆ ಉಳಿಯಿತು. ಆದ್ದರಿಂದ ತೊಟ್ಟಿಗಳಲ್ಲೇ ನೋಡುತ್ತೇನೆ ಎಂದಾಗ, ಬಯಲಿನಲ್ಲಿಟ್ಟ ತೊಟ್ಟಿಗೆ ಏನು ಬಂದು ಬೀಳುತ್ತದೆಂಬುದು ನನ್ನ ಕೈಯಲ್ಲಿಲ್ಲವೆಂದು ಜೊತೆಯವರು ನಕ್ಕರು.

ಸುಮಾರು 200 ಲೀಟರಿನ 24 ತೊಟ್ಟಿಗಳನ್ನು ಇಟ್ಟು, ಎಲ್ಲಕ್ಕೂ 20 ಮೈಕ್ರಾನ್ ಬಟ್ಟೆಯಲ್ಲಿ ಸೋಸಿದ ಒಂದೇ ನೀರನ್ನು ತುಂಬಿಸಿದೆ. ಅರ್ಧಕ್ಕೆ ಸಾರಜನಕ ಮತ್ತು ರಂಜಕ ಬೆರೆಸಿ, ಉಳಿದರ್ಧವನ್ನು ಹಾಗೆಯೇ ಬಿಟ್ಟೆ. ಎರಡೂ ಗುಂಪಿನಲ್ಲಿ ಅರ್ಧದಷ್ಟು ತೊಟ್ಟಿಗಳಿಗೆ, ಹತ್ತು ಹೊಂಡಗಳಿಂದ ತಂದ ಪ್ರಾಣಿಪ್ಲವಕದ (ನೀರಿನಲ್ಲಿ ತೇಲಾಡುವ ಸಣ್ಣ ಪ್ರಾಣಿಗಳ) ಮಿಶ್ರಣವನ್ನು ಹದಿನೈದು ದಿನಕ್ಕೊಮ್ಮೆ ಹಾಕುತ್ತಿದ್ದೆ. ಮಿಕ್ಕವುಗಳಿಗೆ ತಾವಾಗಿ ಬಂದದ್ದಷ್ಟೇ.

ಮೊದಲ ವರ್ಷ ಎಲ್ಲವೂ ನೀರುಪಾಲಾಯಿತು. ಆರನೆಯ ವಾರಕ್ಕೆ ಎಲ್ಲ ತೊಟ್ಟಿಗಳಲ್ಲೂ ಡಾಫ್ನಿಯಾದ ಸಣ್ಣ ಸಂಬಂಧಿಯಾದ ಮೊಯ್ನಾ ತುಂಬಿಕೊಂಡಿತ್ತು. ಗಾಳಿಯೇ ಇಷ್ಟು ಬೇಗ ಹರಡುತ್ತದೆಂದು ಹಿಗ್ಗಿ, ಹಾಗೆಂದು ಬರೆಯಲೂ ತೊಡಗಿದ್ದೆ. ಒಂದು ಸಂಜೆ, ಎಲ್ಲ ತೊಟ್ಟಿಗಳಿಗೂ ಇಳಿಸುತ್ತಿದ್ದ ಪ್ಲವಕ ಬಲೆಯ ಹೊಲಿಗೆಯ ಮಡಿಕೆಯಲ್ಲಿ ಜೋತಾಡುತ್ತಿದ್ದ ಹನಿಯೊಂದನ್ನು ಸುಮ್ಮನೆ ಗಾಜಿನ ಮೇಲಿಟ್ಟು ನೋಡಿದರೆ, ಅದರಲ್ಲಿ ಮೂರು ಮೊಯ್ನಾಗಳು ಈಜುತ್ತಿದ್ದವು; ಒಂದರ ಬೆನ್ನಿನ ಚೀಲದಲ್ಲಿ ಮರಿಗಳಿದ್ದವು. ಗಂಡಿನ ಹಂಗಿಲ್ಲದೆ ಹೆರುವ ಈ ಜಾತಿಗೆ ಒಂದು ಹೆಣ್ಣು ಸಾಕು. ಒಂದು ನೀರಿನಿಂದ ಇನ್ನೊಂದಕ್ಕೆ ಜೀವಿಗಳನ್ನು ಒಯ್ಯುವ, ಬಾತುಕೋಳಿ ಮಾಡಬೇಕಾದ ಕೆಲಸವನ್ನು ನಾನೇ ವಾರಕ್ಕೆರಡು ಬಾರಿ ಮಾಡುತ್ತಿದ್ದೆ! ಆ ವರ್ಷದ ಅನುದಾನದ ಮೂರನೆಯ ಒಂದು ಪಾಲು ಹೀಗೆ ಹೋಯಿತು.

ಮರುವರ್ಷ ಪ್ರತಿ ತೊಟ್ಟಿಗೂ ಬೇರೆ ಮಗ್ಗು, ಬೇರೆ ಸೋಸುವ ಬಟ್ಟೆ. ಬಲೆಯನ್ನು ನೀರಿಗಿಳಿಸುವ ಪದ್ಧತಿಯನ್ನೇ ಕೈಬಿಟ್ಟೆ. ಬಿಸಿನೀರಿನಲ್ಲಿ ಅದ್ದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಈಜುವ ಪ್ರಾಣಿ ಸಾಯುತ್ತದೆ, ಆದರೆ ಕಷ್ಟಕಾಲವನ್ನು ಮಲಗಿಯೇ ಕಳೆಯುವ ಸುಪ್ತ ಮೊಟ್ಟೆಯ ವಿಷಯದಲ್ಲಿ ನಾನು ಆ ನಂಬಿಕೆ ಇಟ್ಟುಕೊಳ್ಳುವುದಿಲ್ಲ. ಬೆನ್ನಡಿಯಾಗಿ ಈಜುವ ತಿಗಣೆಗಳು ರಾತ್ರಿ ಹಾರಿಬಂದು ದೊಡ್ಡ ಡಾಫ್ನಿಯಾಗಳನ್ನೆಲ್ಲ ಹೀರಿ, ಅವಕ್ಕಿಂತ ತೀರ ಸಣ್ಣ ಪ್ರಾಣಿಗಳಾದ ರೋಟಿಫರ್‌ಗಳನ್ನಷ್ಟೇ ಉಳಿಸಿದ್ದರಿಂದ, ಮೂರು ತೊಟ್ಟಿಗಳನ್ನು ಲೆಕ್ಕದಿಂದ ತೆಗೆದು, ಉಳಿದವುಗಳಿಗೆ ಒಂದು ಮಿಲಿಮೀಟರ್ ಕಣ್ಣಿನ ಪರದೆ ಕಟ್ಟಿದೆ. ದುಬಾರಿ ಸಂವೇದಕಗಳಿಗೆ ಪಾಚಿ ಮೆತ್ತಿಕೊಂಡು, ನಾಲ್ಕರಲ್ಲಿ ಎರಡು ಹಂಗಾಮು ಮುಗಿಯುವ ಮೊದಲೇ ಕೆಟ್ಟವು. ಆ ಹಣವನ್ನು ಸೋಸುವ ಬಟ್ಟೆಗೆ ಸುರಿದಿದ್ದರೆ ಚೆನ್ನಾಗಿತ್ತು.

ಎಂಟು ವಾರಗಳ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಮಿಶ್ರಣ ಹಾಕಿದ ತೊಟ್ಟಿಗಳಲ್ಲಿ, ಪೋಷಕಾಂಶ ಹೆಚ್ಚಿದ್ದವು ಒಂದನ್ನೊಂದು ಹೋಲತೊಡಗಿದವು: ಮೊಯ್ನಾ ಮತ್ತು ಬ್ರಾಕಿಯೋನಸ್ ಎಂಬ ರೋಟಿಫರ್. ತಿಳಿನೀರಿನವು ಬೇರೆಯದೇ ಗುಂಪಾದವು. ಮಿಶ್ರಣ ಕಾಣದ ತೊಟ್ಟಿಗಳಲ್ಲಿ ಮಾತ್ರ ನೀರು ಒಂದೇ ಆಗಿದ್ದರೂ ಒಂದೊಂದಕ್ಕೂ ಒಂದೊಂದು ರೂಪ. ಯಾರು ಮೊದಲು ಬಂದರೋ ಅವರದೇ ಪಟ್ಟು. ಕೋಪಿಪಾಡ್‌ಗಳೆಂಬ ಸಣ್ಣ ಕಠಿಣಚರ್ಮಿಗಳು ಅಲ್ಲಿ ಕಾಣಿಸಲೇ ಇಲ್ಲ. ಅವು ನೆಲೆಯೂರಲು ಗಂಡು ಹೆಣ್ಣು ಎರಡೂ, ಇಲ್ಲವೇ ಕೂಡಿದ ಹೆಣ್ಣಾದರೂ ಬರಬೇಕಲ್ಲ.

ಹಠಕ್ಕೆ ಬಿದ್ದು ಎರಡು ತೊಟ್ಟಿಗಳಿಗೆ ದಿನ ಬಿಟ್ಟು ದಿನ ಮಿಶ್ರಣ ಸುರಿದೆ. ಆಗ ಪೋಷಕಾಂಶದ ವ್ಯತ್ಯಾಸವೇ ಮಸುಕಾಯಿತು. ಒಗ್ಗದ ನೀರಿನಲ್ಲೂ ಹೊಸಬರ ಹರಿವಿನಿಂದಲೇ ಎಣಿಕೆ ಉಳಿಯುತ್ತಿತ್ತು. ಒಣ ಕೆಸರಿನ ಒಂದು ಚಮಚವನ್ನೂ ನೆನೆಹಾಕಿ ನೋಡಿದೆ. ಮರುದಿನವೇ, ಒಣಗಿದರೂ ಸಾಯದ ಬ್ಡೆಲಾಯ್ಡ್ ಬಳಗದ ರೋಟಿಫರ್‌ಗಳು ತೆವಳುತ್ತಿದ್ದವು. ಸೈಬೀರಿಯಾದ ಹೆಪ್ಪುನೆಲದಲ್ಲಿ ಸುಮಾರು 24,000 ವರ್ಷ ಕಳೆದ ಇದೇ ಬಳಗದ ಜೀವಿ ಎದ್ದು ಸಂತಾನ ಬೆಳೆಸಿತೆಂದು 2021ರಲ್ಲಿ ಪ್ರಕಟವಾದ ಮೇಲೆ ನನ್ನ ಚಮಚದ ಸಾಹಸವನ್ನು ಯಾರಿಗೂ ಹೇಳಿಕೊಂಡಿಲ್ಲ. ಕೆಸರಿನಿಂದ ಸುಪ್ತ ಮೊಟ್ಟೆಗಳನ್ನು ಸಕ್ಕರೆ ದ್ರಾವಣದಲ್ಲಿ ತೇಲಿಸಿ ತೆಗೆಯುವುದು ರೂಢಿ. ಕುಂಚಕ್ಕೆ ಅಂಟಿಕೊಳ್ಳುವ ಎಫಿಪಿಯಂಗಳನ್ನು (ಡಾಫ್ನಿಯಾದ ಸುಪ್ತ ಮೊಟ್ಟೆಗಳಿರುವ ಕವಚಗಳನ್ನು) ನಾನು ಬಿಡಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊನೆಯ ವಾರದವರೆಗೂ ಒಂದು ತೊಟ್ಟಿಯಲ್ಲಿ ರೋಟಿಫರ್‌ಗಳ ಹೊರತು ಬೇರೇನೂ ಬರಲಿಲ್ಲ. ಎಣಿಕೆಯೆಲ್ಲ ಮುಗಿದ ಮೇಲೆ ಅದಕ್ಕೆ ಐದು ಡಾಫ್ನಿಯಾಗಳನ್ನು ಬಿಟ್ಟೆ. ಮೂರು ವಾರ ಕಳೆದು ಮಗ್ಗಿನಲ್ಲಿ ಮೊಗೆದಾಗ, ಆ ಒಂದು ಮಗ್ಗಿನಲ್ಲಿದ್ದವನ್ನೇ ಎಣಿಸಿ ಮುಗಿಸಲಾಗಲಿಲ್ಲ.